ಮಗಳಿಗೊಂದು ಅಂಬಾಸಿಡರ್

"ಸರ್, ಹಿಂದೆ ನೋಡ್ರಿ. ಶ್ರೀರಾಂಪುರ ಬಿಟ್ಟಾಗಿಂದ ಒಬ್ನೂ ಓವರ್‌ಟೇಕ್ ಮಾಡ್ತಿಲ್ಲ."

ಟ್ರೇಲರ್ ಎಳೆಯುತ್ತಿದ್ದ ಜೀಪಿನ ಕನ್ನಡಿಯನ್ನು ಸೊಹೈಲ್ ಸರಿಮಾಡಿಕೊಂಡ. ಪಕ್ಕದಲ್ಲಿ ಕೂತಿದ್ದ ಮೋಹನ್‌ಕುಮಾರ್ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ನಿಜವೇ. ಏಳೆಂಟು ಬೈಕು, ಎರಡು ಆಟೋ, ಒಂದು ಟ್ರ್ಯಾಕ್ಟರ್. ಮುಂದೆ ರಸ್ತೆ ಖಾಲಿ ಬಿದ್ದಿತ್ತು. ಆದರೂ ಹಾರನ್ ಹೊಡೆಯದೆ ಎಲ್ಲರೂ ಸಾಲಾಗಿ ಹಿಂದೆಯೇ ಬರುತ್ತಿದ್ದರು.

"ಕಳ್ರಾ ಸರ್?"

"ಕಳ್ರಲ್ಲ ಕಣಯ್ಯ. ಕಣ್ತುಂಬ ನೋಡ್ತಾ ಅವ್ರೆ. ವಿಂಟೇಜ್ ಗಾಡಿ ಅಂದ್ರೆ ಸುಮ್ನೇನಾ?"

ಚಿತ್ರದುರ್ಗದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಮೋಹನ್‌ಕುಮಾರ್, ಎರಡು ವರ್ಷ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಹಳೇ ಕಾರುಗಳ ಪಂಡಿತರಾಗಿದ್ದರು. ತುಕ್ಕಿಗೆ ತುಕ್ಕು ಅನ್ನಬಾರದು, ಪಟಿನಾ ಅನ್ನಬೇಕು ಎಂದು ಮನೆಮಂದಿಗೆಲ್ಲ ಕಲಿಸಿದ್ದರು. ಟ್ರೇಲರ್ ಮೇಲಿದ್ದ ಉದ್ದ ಬೆನ್ನಿನ ಬಿಳಿ ಅಂಬಾಸಿಡರಿನಲ್ಲಿ ಪಟಿನಾ ಧಾರಾಳವಾಗಿತ್ತು. ಎಂಜಿನ್ ಮಾತ್ರ ಸತ್ತಿತ್ತು. ಅದನ್ನು ಒಂದು ತಿಂಗಳಲ್ಲಿ ರಿಪೇರಿ ಮಾಡಿಸಿ, ಮಗಳು ಪ್ರೀತಿಯ ಮದುವೆ ಮೆರವಣಿಗೆಗೆ ಇಳಿಸುವುದು ಅವರ ಗುಟ್ಟಿನ ಯೋಜನೆ. ಹೊಸದುರ್ಗದ ಬೀಗರು ಈ ದಿನವೇ ಮನೆಗೆ ಬಂದು ಕೂತಿದ್ದರು. ಅವರ ಕಣ್ಣೆದುರೇ ಗಾಡಿ ಇಳಿಯಬೇಕು.

ಗಾಡಿ ಮಾರಿದ ಶ್ರೀನಿವಾಸ್ ಬೆಳಗ್ಗೆ ಏನೋ ಹೇಳಲು ಮೂರು ಸಲ ಬಾಯಿ ತೆರೆದಿದ್ದ.

"ಸರ್, ಈ ಗಾಡಿ ಮೊದ್ಲು ಏನಕ್ಕೆ ಓಡ್ತಿತ್ತು ಅಂದ್ರೆ..."

"ನಂಗೆ ಹೇಳ್ತೀರೇನ್ರಿ?" ಮೋಹನ್‌ಕುಮಾರ್ ಹಿಂದಿನ ಬಾಗಿಲು ಎತ್ತಿ ತೋರಿಸಿದ್ದರು. ಹಿಂದೆ ಸೀಟಿಲ್ಲ. ಉದ್ದಕ್ಕೂ ನುಣುಪಾದ ಹಲಗೆ, ಅದರ ಮೇಲೆ ಎರಡು ಕಬ್ಬಿಣದ ಪಟ್ಟಿ. "ಶಿಕಾರಿ ಗಾಡಿ ಇದು. ಹೊಡೆದ ಹಂದೀನ ಒಳಕ್ಕೆ ಜಾರಿಸೋಕೆ ಈ ಪಟ್ಟಿ. ಯಾವ್ದೋ ದೊಡ್ಡ ಮನೆತನದ್ದು."

ಶ್ರೀನಿವಾಸ್ ತಲೆ ಕೆರೆದುಕೊಂಡಿದ್ದ. "ದೊಡ್ಡ ದೊಡ್ಡೋರೆಲ್ಲ ಇದ್ರಾಗೆ ಹೋಗಿರೋದು ಮಾತ್ರ ನಿಜ ಸರ್."

"ನೋಡಿದ್ರಾ!"

ಹೊಸದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಬಂದಾಗ ಮೋಹನ್‌ಕುಮಾರರಿಗೇ ನಂಬಲಾಗಲಿಲ್ಲ. ಪೇದೆಯೊಬ್ಬ ಎದುರಿನ ಲಾರಿ ತಡೆದು, ಟೋಪಿ ತೆಗೆದು ನಿಂತ. ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡದವನೊಬ್ಬ ಹೊರಬಂದು ಕೈ ಮುಗಿದ.

"ನಿಲ್ಸು, ನಿಲ್ಸು! ನಾನು ಗಾಡಿಯೊಳಗೆ ಕುಂತ್ಕಂತೀನಿ."

"ಸರ್, ಟ್ರೇಲರ್ ಮ್ಯಾಲೆ ಜನ ಕೂರಂಗಿಲ್ಲ."

"ಪೊಲೀಸೇ ಟೋಪಿ ತೆಗ್ದವ್ನೆ, ನಿಂದೇನು?"

ಮುಂದಿನ ಸೀಟಿನಲ್ಲಿ ಸ್ಪ್ರಿಂಗುಗಳು ಎದ್ದು ನಿಂತಿದ್ದವು. ಹಾಗಾಗಿ ಮೋಹನ್‌ಕುಮಾರ್ ಹಿಂದಿನ ಹಲಗೆಯ ಮೇಲೆ ರಾಜನಂತೆ ಒರಗಿದರು. ಗಾಡಿ ಹೊರಟಿತು. ಮಾರುಕಟ್ಟೆ ತಿರುವಿನಲ್ಲಿ ಜನ ದಟ್ಟವಾದಾಗ ನಿಧಾನಕ್ಕೆ ಎದ್ದು, ಕಿಟಕಿಯಿಂದ ಕೈ ಹೊರಚಾಚಿ ಬೀಸಿದರು. ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ಕಿಟಾರನೆ ಕಿರುಚಿ ಪಕ್ಕದವನ ತೊಡೆಯ ಮೇಲೆ ಬಿದ್ದ. ಪಾಪ, ಹಳ್ಳಿಯವನು, ಸಂತೋಷ ತಡೆಯಲಾಗಲಿಲ್ಲ ಎಂದುಕೊಂಡರು ಮೋಹನ್‌ಕುಮಾರ್.

ಹೊಳಲ್ಕೆರೆಗೆ ಮೊದಲು ಸಿಕ್ಕ ಟೀ ಅಂಗಡಿಯ ಮುಂದೆ ಸೊಹೈಲ್ ಜೀಪು ನಿಲ್ಲಿಸಿದ. ಅಂಗಡಿಯ ಜಯಕ್ಕ ಗಾಡಿ ನೋಡಿ ಸೆರಗು ಸರಿಪಡಿಸಿಕೊಂಡು ಹೊರಗೆ ಬಂದಳು.

"ಯಾರಿಗಪ್ಪ ಈ ಗಾಡಿ?"

"ನನ್ನ ಮಗಳಿಗೆ," ಎಂದರು ಮೋಹನ್‌ಕುಮಾರ್ ಎದೆಯುಬ್ಬಿಸಿ.

ಜಯಕ್ಕ ಕೈಯ ಲೋಟ ಕೆಳಗಿಟ್ಟಳು. "ಏಸು ವರ್ಷ?"

"ಇಪ್ಪತ್ತಾರು."

"ಅಯ್ಯೋ ಶಿವನೇ. ಬಾಳಿ ಬದುಕೋ ವಯಸ್ಸು."

"ಇನ್ನೆಷ್ಟು ದಿನ ಅಂತ ಮನೇಲಿಟ್ಕಳಾಣ ಅಕ್ಕ? ಹೆಣ್ಣುಮಗಳು, ಕಳಿಸ್ಲೇಬೇಕು."

ಅವಳು ಅವರ ಮುಖವನ್ನೇ ಒಂದು ಗಳಿಗೆ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದವಳು ಮತ್ತೆ ಬರಲಿಲ್ಲ. ಒಳಗಿನಿಂದ ಬಿಕ್ಕುವ ಸದ್ದು ಕೇಳಿಸಿತು. ಮೋಹನ್‌ಕುಮಾರ್ ಮೆಚ್ಚುಗೆಯಿಂದ ತಲೆದೂಗಿದರು. ತವರು ಬಿಟ್ಟ ಹೆಂಗಸರಿಗೆ ತಾನೇ ಇದರ ಸಂಕಟ ಗೊತ್ತಿರುವುದು!

"ಸರ್, ನಂಗ್ಯಾಕೋ ಒಂಥರಾ ಆಗ್ತೈತೆ," ಅಂದ ಸೊಹೈಲ್.

"ಹೊಟ್ಟೆಕಿಚ್ಚು ಅಂತಾರೆ ಅದಕ್ಕೆ. ನಡಿ, ಹೋಗಾಣ."

ಚಿತ್ರದುರ್ಗದ ಮನೆಯ ಮುಂದೆ ಟ್ರೇಲರ್ ನಿಂತಾಗ ಬಿಸಿಲು ನೆತ್ತಿಗೇರಿತ್ತು. ಹೆಂಡತಿ ಯಶೋದಾ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಪ್ರೀತಿ ಗಾಡಿಯ ಪಟಿನಾ ನೋಡಿ ಹಣೆ ಚಚ್ಚಿಕೊಂಡಳು. ಹಿಂದೆಯೇ ಬೀಗರು ಬಂದರು. ಹೊಸದುರ್ಗದ ಕೊಬ್ಬರಿ ವ್ಯಾಪಾರಿ ಓಬಯ್ಯ, ಪಕ್ಕದಲ್ಲಿ ಅವರ ಮಗ, ಮದುಮಗ ಜುಂಜೇಶ್.

ಓಬಯ್ಯ ಗಾಡಿ ನೋಡಿದವರೇ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಚಪ್ಪಲಿ ಬಿಟ್ಟರು. ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಿಗೆ ಸೇರಿಸಿದರು. ಮೆಲ್ಲಗೆ ಬಂದು, ಹಿಂದಿನ ಬಾಗಿಲ ಹಿಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಇದಕ್ಕಿಂತ ದೊಡ್ಡ ಗೌರವ ಇನ್ನೇನು ಬೇಕು? ಮೋಹನ್‌ಕುಮಾರ್ ಬೀಗರ ಭುಜದ ಮೇಲೆ ಕೈಯಿಟ್ಟರು.

"ಗುಟ್ಟಾಗಿಟ್ಟಿದ್ದೆ ಬೀಗ್ರೆ. ನಿಮ್ಮ ಮಗ, ನನ್ನ ಮಗಳು, ಇಬ್ರೂ ಹಾರ ಹಾಕ್ಕಂಡು ಇದ್ರಾಗೇ ಮೆರವಣಿಗೆ ಹೋಗ್ಬೇಕು. ಇಡೀ ದುರ್ಗ ನೋಡ್ಬೇಕು!"

ಓಬಯ್ಯ ಮಗನ ಕಡೆ ನೋಡಿದರು. ಜುಂಜೇಶ್ ಆಗಲೇ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದ.

"ಹೊಸದುರ್ಗದಾಗೆ ಮೂವತ್ತು ವರ್ಷ ಸತ್ತೋರ್ನೆಲ್ಲ ಇದ್ರಾಗೇ ಸ್ಮಶಾನಕ್ಕೆ ಒಯ್ದಿದ್ದು ಬೀಗ್ರೆ," ಅಂದರು ಓಬಯ್ಯ, ಕಣ್ಣೊರೆಸಿಕೊಳ್ಳುತ್ತ. "ನಮ್ಮಪ್ಪನೂ ಹಾರ ಹಾಕ್ಕಂಡೇ ಹೋಗಿದ್ರು."