ಐದನೆಯ ಹೆಬ್ಬೆಟ್ಟು

ಮೂರನೆಯ ಸಲವೂ ಪರದೆಯ ಮೇಲೆ ಅದೇ ತೆಲುಗು ಸಾಲು ಬಂತು: ವೇಲಿಮುದ್ರ ಸರಿಪೋಲಲೇದು. ಹೆಬ್ಬೆಟ್ಟಿನ ಗುರುತು ಹೊಂದುತ್ತಿಲ್ಲ. ಒಳಕೋಣೆಯ ಕಂಪ್ಯೂಟರಿನ ಮುಂದೆ ಕೂತ ಸಿದ್ದರಾಮೇಶ್ ತಲೆ ಕೆರೆದುಕೊಂಡ. ಆಂಧ್ರದ ಗಡಿಯ ಮಡಕಶಿರಾದಲ್ಲಿ ಮನೆಯ ಪಡಸಾಲೆಯಲ್ಲೇ ಆನ್‌ಲೈನ್ ಸೆಂಟರ್ ಇಟ್ಟು ಆರು ವರ್ಷವಾಗಿತ್ತು. ಹಠ ಮಾಡುವ ಹೆಬ್ಬೆಟ್ಟುಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಇದರ ಪರಿಯೇ ಬೇರೆ ಇತ್ತು.

"ಇನ್ನೊಂದ್ಸಲ ಕೈ ಒರೆಸ್ಕಳಮ್ಮ," ಎಂದ.

ಉಜ್ಜಿನಮ್ಮ ಸೆರಗಿಗೆ ಹೆಬ್ಬೆಟ್ಟು ತಿಕ್ಕಿದಳು. "ಒರೆಸಿ ಒರೆಸಿ ಚರ್ಮ ಕಿತ್ತೋಗೈತೆ ಕಣಪ್ಪ. ನನ್ ಬೆಟ್ಟು ನಂದಲ್ಲ ಅಂದ್ರೆ ಇನ್ಯಾರ್ದಂತೆ?"

ಅಲ್ಲೇ ಪಕ್ಕದ ಗುಡಿಬಂಡೆ ಹತ್ತಿರ ಅವಳ ತಾಯಿ ಬಿಟ್ಟುಹೋದ ಒಂದೂವರೆ ಎಕರೆ ಹೊಲ ಅವಳ ಹೆಸರಿಗೆ ಬರಬೇಕಿತ್ತು. ಅರ್ಜಿಗೆ ಇವತ್ತೇ ಕೊನೆಯ ದಿನ. ಐದು ಸಲ ಗುರುತು ತಪ್ಪಿದರೆ ಅರ್ಜಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಹೊಲ ಅಣ್ಣನ ಮಕ್ಕಳ ಪಾಲು. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದವನು ಸಿದ್ದರಾಮೇಶನೇ. ಯಾಕಾದರೂ ಹೇಳಿದೆನೋ ಎಂದು ಈಗ ಅನ್ನಿಸುತ್ತಿತ್ತು.

ತಪ್ಪು ತನ್ನ ಜಾಣತನದ್ದೇ ಇರಬೇಕು ಎಂಬ ಅನುಮಾನವೂ ಒಳಗೊಳಗೇ ಕೊರೆಯುತ್ತಿತ್ತು. ಎರಡು ದಿನದ ಹಿಂದೆ ಪಡಸಾಲೆಯ ಕಂಪ್ಯೂಟರಿನ ಪರದೆ ಕೆಟ್ಟಿತ್ತು. ಪ್ರಿಂಟರು, ಹೆಬ್ಬೆಟ್ಟಿನ ಮಿಷನ್ನು ಎಲ್ಲ ಅದಕ್ಕೇ ಅಂಟಿಕೊಂಡಿದ್ದವು. ವೈರು ಕಿತ್ತು ಒಳಗೆ ತರುವ ಬದಲು ಅವನು ವಿಡಿಯೋ ನೋಡಿ, ಅಲ್ಲಿನ ಯುಎಸ್‌ಬಿ ಸಾಮಾನನ್ನೆಲ್ಲ ವೈಫೈ ಮೇಲೆ ಒಳಕೋಣೆಯ ಕಂಪ್ಯೂಟರಿಗೂ ಹಂಚಿಬಿಟ್ಟಿದ್ದ. "ಇಲ್ಲಿ ಕೂತ್ಕಂಡು ಅಲ್ಲಿ ಪ್ರಿಂಟ್ ತೆಗೀತೀನಿ ನೋಡು," ಎಂದು ಹೆಂಡತಿಯ ಮುಂದೆ ಬೀಗಿಯೂ ಇದ್ದ. ಒಳಕೋಣೆಯಲ್ಲಿ ಬೇರೆ ಹಳೆಯ ಹೆಬ್ಬೆಟ್ಟಿನ ಮಿಷನ್ನೊಂದು ಇತ್ತು, ಉಜ್ಜಿನಮ್ಮ ಒತ್ತುತ್ತಿದ್ದುದು ಅದನ್ನೇ. ಇರಲಾರದೆ ಇರುವೆ ಬಿಟ್ಟುಕೊಂಡೆನೇ ಎಂದುಕೊಂಡು ಕಂಪ್ಯೂಟರ್ ಆರಿಸಿ ಹೊತ್ತಿಸಿದ. ವೈರು ಕಿತ್ತು, ಮಿಷನ್ನಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ.

"ಆಯ್ತೇನಪ್ಪಾ?" ಪಡಸಾಲೆಯಿಂದ ದೊಡ್ಡಬೀರಪ್ಪನ ದನಿ ಬಂತು. ಉಜ್ಜಿನಮ್ಮನ ಗಂಡ. ಕುರಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದವನು, ಮೇಜಿನ ಮುಂದಿನ ಕುರ್ಚಿಯಲ್ಲಿ ಆಗಿನಿಂದಲೂ ಕೂತಿದ್ದ.

"ಆಗ್ತೈತೆ ಕೂತ್ಕಳಣ್ಣ," ಎಂದು ಸಿದ್ದರಾಮೇಶ್ ಮೌಸ್ ಒತ್ತಿದ. ಉಜ್ಜಿನಮ್ಮ ಕಣ್ಣು ಮುಚ್ಚಿ ಮನೆದೇವರ ಹೆಸರು ಹೇಳಿ ಹೆಬ್ಬೆಟ್ಟು ಊರಿದಳು. ಸರಿಪೋಲಲೇದು.

ನಾಲ್ಕಾಯಿತು. ಉಳಿದದ್ದು ಒಂದು. ಮಿಷನ್ನಿನ ವೈರು ಸಡಿಲವೇನೋ ಎಂದು ಸಿದ್ದರಾಮೇಶ್ ಮುಟ್ಟಿ ನೋಡಿದರೆ ಅದರ ತುದಿ ಮೇಜಿನ ಮೇಲೆ ಬಿದ್ದುಕೊಂಡಿತ್ತು. ಗಾಜು ಒರೆಸಲು ಕಿತ್ತವನು ಮತ್ತೆ ಚುಚ್ಚಿಯೇ ಇರಲಿಲ್ಲ. ಹಾಗಾದರೆ ಈಗ ಕಂಪ್ಯೂಟರಿಗೆ ಸಿಕ್ಕ ಹೆಬ್ಬೆಟ್ಟು ಯಾರದು? ಕ್ಷಣಹೊತ್ತು ಅವನಿಗೆ ತಲೆಬುಡ ಒಂದೂ ತಿಳಿಯಲಿಲ್ಲ. ಆಮೇಲೆ ತಾನೇ ವೈಫೈ ಮೇಲೆ ಹಂಚಿದ್ದ ಹೊರಗಿನ ಮಿಷನ್ನು ನೆನಪಾಗಿ, ಎದ್ದು ಪಡಸಾಲೆಗೆ ಓಡಿದ.

ದೊಡ್ಡಬೀರಪ್ಪ ಮೇಜಿನ ಮೇಲಿನ ಮಿಷನ್ನಿಗೆ ಹೆಬ್ಬೆಟ್ಟು ಒತ್ತಿ, ಉಸಿರು ಬಿಗಿಹಿಡಿದು ಕೂತಿದ್ದ.

"ಏನ್ ಮಾಡ್ತಾ ಇದೀಯಣ್ಣ?"

"ಕೆಂಪು ಲೈಟ್ ಹತ್ತಿದ್ರೆ ಒತ್ತು, ನಾನು ಹೇಳೋಗಂಟ ತೆಗೀಬ್ಯಾಡ ಅಂತ ಹೋದ್ಸಲ ನೀನೇ ಅಂದಿದ್ದಲ್ಲಪ್ಪ. ನಾಕ್ ಸಲ ಹತ್ತಿತು, ನಾಕ್ ಸಲಾನೂ ಒತ್ತಿವ್ನಿ. ಅವಳದೂ ನಾನೇ ಒತ್ಬೇಕೇನೋ ಅನ್ಕಂಡೆ."

ಬೈಯಬೇಕೋ ನಗಬೇಕೋ ತಿಳಿಯದೆ ಸಿದ್ದರಾಮೇಶ್ ಅವನನ್ನು ಎಬ್ಬಿಸಿ ಗೋಡೆಯ ಹತ್ತಿರ ನಿಲ್ಲಿಸಿದ. ಉಜ್ಜಿನಮ್ಮನನ್ನು ಕರೆತಂದು ಆ ಕುರ್ಚಿಯಲ್ಲಿ ಕೂರಿಸಿದ. ಒಳಗೆ ಹೋಗಿ, "ಕೆಂಪಾದಾಗ ಒತ್ತಮ್ಮ, ನೀನೊಬ್ಬಳೇ," ಎಂದು ಕೂಗಿ, ಐದನೆಯ ಸಲ ಮೌಸ್ ಒತ್ತಿದ.

ಹಸಿರು ಗುರುತು ಬಂತು. ಹೊರಗೆ ಪ್ರಿಂಟರು ಗರಗರ ಎಂದು ಹಾಳೆ ಉಗುಳಿತು. ಸಿದ್ದರಾಮೇಶನಿಗೆ ಹೋದ ಜೀವ ಬಂದಂತಾಯಿತು.

"ಯಾರು ಒತ್ತಿದ್ರೇನು, ಮನೆ ಒಂದೇ ಅಲ್ವಾ," ದೊಡ್ಡಬೀರಪ್ಪ ಗೊಣಗುತ್ತಿದ್ದ. "ಈ ಮಿಷನ್ನಿಗೆ ಅಷ್ಟೂ ತಿಳಿಯಾಕಿಲ್ಲ."

ಉಜ್ಜಿನಮ್ಮ ಇನ್ನೂ ಬಿಸಿಯಾಗಿದ್ದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಓದು ಬಾರದವಳು, ಆದರೂ ಅದರಿಂದ ಕಣ್ಣು ತೆಗೆಯಲಿಲ್ಲ.

"ನಮ್ಮಪ್ಪ ಕೊಟ್ಟಿದ್ದ ಬಾವಿ ಹೊಲ ಮಾರೋವಾಗ್ಲೂ ನನ್ ಹೆಬ್ಬೆಟ್ಟು ಇವ್ರೇ ಒತ್ತಿದ್ರು ಕಣಪ್ಪ," ಎಂದಳು. "ಅವತ್ತು ಅಷ್ಟು ಜನ ಕೂತಿದ್ರು. ಇದು ಅವಳದ್ದಲ್ಲ ಅಂತ ಒಬ್ರೂ ಅನ್ಲಿಲ್ಲ."