ಬೆಚ್ಚಗಿನ ಮಡಕೆ

ಊರಿನ ಮಣ್ಣೆಲ್ಲ ಸತ್ತ ಮೇಲೆ, ಸೊಪ್ಪು ತಿನ್ನಬೇಕೆಂದರೆ ಮನೆಯಲ್ಲೇ ಸಿಪ್ಪೆ ಕೊಳೆಸಿ ಮಣ್ಣು ಮಾಡಿಕೊಳ್ಳಬೇಕಿತ್ತು. ಅದಕ್ಕೂ ಮೊಸರಿನಂತೆ ಹೆಪ್ಪು ಬೇಕು. ತಾರಾಮತಿಗೆ ಅದನ್ನು ಕೊಟ್ಟವರು ಎದುರು ಮನೆಯ ಜುಲಿಯಾನಾ ಬಾಯಿ. "ಮಗುವಿನ ಹಾಗೆ ನೋಡ್ಕೋ. ಜೀವ ಇರೋವರೆಗೂ ಮಡಕೆ ಬೆಚ್ಚಗಿರುತ್ತೆ. ಉಪ್ಪು ಮಾತ್ರ ಹಾಕ್ಬೇಡ" ಎಂದಿದ್ದರು.

ತಾರಾಮತಿ ಉಪ್ಪು ಹಾಕಲಿಲ್ಲ. ಬೂಸು ಹಿಡಿದ ಒಂದು ಜಾಡಿ ಮಾವಿನ ಉಪ್ಪಿನಕಾಯಿ ಸುರಿದಳು. ಅದರಲ್ಲೂ ಉಪ್ಪಿದೆಯೆಂದು ಹೊಳೆದದ್ದು ಮಡಕೆ ತಣ್ಣಗಾದ ಮೇಲೆ.

ಅಂದಿನಿಂದ ಬಾಯಿ ವಿಚಾರಿಸಲು ಬರುವ ಹೊತ್ತಿಗೆ ಸರಿಯಾಗಿ ಅದರೊಳಗೆ ಬಿಸಿನೀರಿನ ರಬ್ಬರ್ ಚೀಲ ಹುದುಗಿಸಿಡುತ್ತಿದ್ದಳು. ಬಾಯಿ ಮಡಕೆಯ ಹೊಟ್ಟೆ ಸವರಿ, "ಎಷ್ಟು ಬೆಚ್ಚಗಿದೆ! ನಿನ್ನ ಕೈಗುಣ ನನಗಿಲ್ಲ ಮಾರಾಯ್ತಿ" ಎಂದು ಹಿಗ್ಗುವರು. ತಾರಾಮತಿ ತಲೆ ತಗ್ಗಿಸುವಳು. ಬಾಯಿ ಅದನ್ನು ವಿನಯವೆಂದುಕೊಳ್ಳುವರು.

ಇವತ್ತು ಬಾಯಿ ಬಟ್ಟಲು ಹಿಡಿದು ಬಂದರು.

"ನಮ್ಮದು ಸತ್ತುಹೋಯ್ತು. ಅಜ್ಜಿ ಕಾಲದ್ದು. ಪುಣ್ಯಕ್ಕೆ ನಿನ್ನ ಹತ್ರ ಉಳಿದಿದೆ. ಒಂದು ಹಿಡಿ ಕೊಡು."

ತಾರಾಮತಿ ಮುಚ್ಚಳದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. "ಬಾಯಿ, ನಾನು ಅದನ್ನ ಕೊಂದು ತಿಂಗಳಾಯ್ತು. ಒಳಗಿರೋದು ಬರೀ ಬಿಸಿನೀರು."

ಜುಲಿಯಾನಾ ಬಾಯಿ ಬೈಯಲಿಲ್ಲ. ಬಟ್ಟಲನ್ನು ಕೆಳಗಿಟ್ಟು, ಎರಡೂ ಅಂಗೈಗಳನ್ನು ಮಡಕೆಗೆ ಒತ್ತಿ ಕೂತರು, ಅದು ಪೂರ್ತಿ ತಣ್ಣಗಾಗುವವರೆಗೆ.