ಅರ್ಧ ಇಟ್ಟಿಗೆ

ಬಿರುಕಿಗೆ ತೂರಿಸಿದ ಕರಣೆ ಹಿಡಿಯವರೆಗೂ ಒಳಗೆ ಹೋದಾಗ ಗಾರೆ ಕೆಲಸದ ಮುದುಕ ಸೈಲಸ್ ಬೆವೆತುಹೋದ. ಲಂಡನ್ನಿನ ಆ ಸಾಲುಮನೆಯ ಮುಂಗೋಡೆ ಒಳಗೋಡೆಯನ್ನು ಬಿಟ್ಟು ಬೀದಿಯತ್ತ ಉಬ್ಬಿತ್ತು. ಮೇಲೆ, ಅದೇ ಗೋಡೆಗೆ ಸಿಕ್ಕಿಸಿದ ಕಬ್ಬಿಣದ ಬಾಲ್ಕನಿಗೆ ರಾಣಿಯ ಸಾರೋಟು ನೋಡಲು ನೆಂಟರು ಬಂದು ತುಂಬುತ್ತಿದ್ದರು.

"ಅವರನ್ನ ಒಳಗೆ ಕರೀರಿ, ಸ್ವಾಮಿ."

ಯಜಮಾನ ಲ್ಯಾವಿಂಗ್ಟನ್ ಹುಬ್ಬು ಗಂಟಿಕ್ಕಿದ. "ಗಾರೆ ಮೆತ್ತೋಕೆ ಕರೆಸಿದ್ದು ನಿನ್ನ. ನೆಂಟರ ಮುಂದೆ ನನ್ನ ಮಾನ ಕಳೀಬೇಡ. ನಲವತ್ತು ವರ್ಷದಿಂದ ನಿಂತಿರೋ ಗೋಡೆ ಬಗ್ಗೆ ನಿನಗೇನು ಗೊತ್ತು?"

ಸೈಲಸ್ ಮೇಲೆ ನೋಡಿದ, ಬಿರುಕು ನೋಡಿದ. ಆ ಕೇರಿಯ ಜನ ಅವನ ಕೆಲಸವನ್ನು ಕಣ್ಣುಮುಚ್ಚಿ ನಂಬುತ್ತಿದ್ದರು.

"ಕಟ್ಟಿದ್ದೇ ನಾನು. ಒಳ್ಳೆ ಇಟ್ಟಿಗೆ ಉಳಿಸೋಕೆ, ಒಳಗೋಡೆವರೆಗೂ ಅಡ್ಡ ಹೋಗಿ ಎರಡನ್ನೂ ಹಿಡೀಬೇಕಿದ್ದ ಇಟ್ಟಿಗೆಗಳನ್ನ ಅರ್ಧಕ್ಕೆ ಒಡೆದು ಕೂರಿಸ್ದೆ. ಹೊರಗಿಂದ ಗೊತ್ತಾಗಲ್ಲ. ಒಳಗೋಡೆಗೆ ಇದರ ಹಿಡಿತಾನೇ ಇಲ್ಲ."

"ಇದನ್ನ ಕೋರ್ಟಲ್ಲೂ ಹೇಳ್ತೀಯಾ?"

"ಹೇಳ್ತೀನಿ. ಮೊದ್ಲು ಅವರನ್ನ ಕರೀರಿ."

ಲ್ಯಾವಿಂಗ್ಟನ್ ಮೆಟ್ಟಿಲತ್ತ ಓಡಿದ. ನೆಂಟರು ಗೊಣಗುತ್ತ ಒಬ್ಬೊಬ್ಬರಾಗಿ ಒಳಸರಿದರು. ಕೊನೆಯ ಮುದುಕಿ ಹೊಸ್ತಿಲು ದಾಟುವವರೆಗೂ ಸೈಲಸ್ ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿಕೊಂಡೇ ನಿಂತಿದ್ದ. ಅಷ್ಟು ಭಾರ ತನ್ನ ಕೈಗೆ ನಿಲ್ಲುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.